ಹದವರಿತ ಕ್ರೀಡಾಗುರು ಕ್ನೂಟ್ ರಾಕ್ನಿ

ಹಿಡಿದುದನ್ನು ಬಿಡದಿರುವುದು ಒಂದು ಗುಣ. ಬಿಡಬೇಕಾದಾಗ ಬಿಡುವುದು ಮತ್ತೊಂದು ಗುಣ. ಇವೆರಡರಲ್ಲಿ ಒಂದನ್ನು ಹೊಂದಿದವರು ಲೋಕದಲ್ಲಿ ಹಲವರು ಸಿಗುತ್ತಾರೆ. ಎರಡನ್ನೂ ಹೊಂದಿ, ಯಾವ ಹೊತ್ತಿಗೆ ಯಾವುದು ಸಲ್ಲುವುದೆಂಬ ವಿವೇಕವನ್ನು ಶಿಷ್ಯರ ಮನಸ್ಸಿನಲ್ಲಿಯೂ ನೆಲೆಗೊಳಿಸಿದವರು ವಿರಳ. ಅಂತಹ ವಿರಳರಲ್ಲಿ ಒಬ್ಬರು ಅಮೆರಿಕದ ನೋಟರ್ ಡೇಮ್ ವಿದ್ಯಾಸಂಸ್ಥೆಯ ಕ್ರೀಡಾಗುರು ಕ್ನೂಟ್ ರಾಕ್ನಿಯವರು. 1918ರಿಂದ 1930ರವರೆಗೆ, ಹದಿಮೂರು ವರ್ಷಗಳ ಕಾಲ, ಅವರು ಆ ಸಂಸ್ಥೆಯ ಫುಟ್‌ಬಾಲ್ ತಂಡದ ಮುಖ್ಯ ತರಬೇತುದಾರರಾಗಿದ್ದರು. ಆಡಿಸಿದ 122 ಪಂದ್ಯಗಳಲ್ಲಿ 105 ಗೆಲುವು, 12 ಸೋಲು, 5 ಸಮ. ಈ ಅಂಕಿಗಳು ದೊಡ್ಡವೇ ಸರಿ. ಅವುಗಳ ಹಿಂದೆ ದುಡಿದ ಬುದ್ಧಿ ಅವುಗಳಿಗಿಂತ ದೊಡ್ಡದು.

ರಾಕ್ನಿಯವರು ಹುಟ್ಟಿದ್ದು ನಾರ್ವೆ ದೇಶದ ವೋಸ್ ಎಂಬ ಊರಿನಲ್ಲಿ, 1888ರ ಮಾರ್ಚ್ 4ರಂದು. ತಂದೆ ಗಾಡಿಗಳನ್ನು ಮಾಡುವ ಕುಶಲಕರ್ಮಿ. 1893ರಲ್ಲಿ ಶಿಕಾಗೋ ನಗರದಲ್ಲಿ ನಡೆದ ವಿಶ್ವ ಮಹಾಪ್ರದರ್ಶನದ ನಿಮಿತ್ತ ತಂದೆಯವರು ಅಮೆರಿಕಕ್ಕೆ ಹೋದರು. ಸಂಸಾರವೂ ಅವರ ಹಿಂದೆಯೇ ಹಡಗನ್ನೇರಿತು. ಆಗ ಬಾಲಕನಿಗೆ ಐದು ವರ್ಷ. ಶಿಕಾಗೋವಿನ ಬಯಲುಗಳಲ್ಲಿ ಆಡುತ್ತ ಬೆಳೆದ ಅವರು ಕೆಲವು ವರ್ಷ ಅಂಚೆ ಇಲಾಖೆಯಲ್ಲಿ ದುಡಿದು, ಕೂಡಿಟ್ಟ ಹಣವನ್ನು ಕೈಯಲ್ಲಿ ಹಿಡಿದು, 1910ರಲ್ಲಿ ಇಂಡಿಯಾನಾ ಪ್ರಾಂತದ ಸೌತ್ ಬೆಂಡ್ ಊರಿನ ನೋಟರ್ ಡೇಮ್ ಸಂಸ್ಥೆಗೆ ವಿದ್ಯಾರ್ಥಿಯಾಗಿ ಸೇರಿದರು. ಆಗ ಅವರಿಗೆ ಇಪ್ಪತ್ತೆರಡು ವರ್ಷ. ಸಹಪಾಠಿಗಳಲ್ಲಿ ಅನೇಕರಿಗಿಂತ ಹಿರಿಯರು.

ನೋಟರ್ ಡೇಮ್ ಧರ್ಮಸಂಸ್ಥೆಯೊಂದರ ಆಶ್ರಯದಲ್ಲಿ ಬೆಳೆದ ವಿದ್ಯಾಲಯ. ಹೋಲಿ ಕ್ರಾಸ್ ಸಭೆಯ ಕ್ಯಾಥೊಲಿಕ್ ಪಾದ್ರಿಗಳು 1842ರಲ್ಲಿ ಅದನ್ನು ಸ್ಥಾಪಿಸಿದರು. ಲೂಥರ್ ಪಂಥದ ಮನೆತನದಿಂದ ಬಂದ ರಾಕ್ನಿಯವರಿಗೆ ಅಲ್ಲಿ ಅನ್ನವೂ ವಿದ್ಯೆಯೂ ದೊರೆತವು. 1925ರಲ್ಲಿ ಅವರು ಸ್ವಇಚ್ಛೆಯಿಂದ ಕ್ಯಾಥೊಲಿಕ್ ಮತವನ್ನು ಸ್ವೀಕರಿಸಿದರು. ರಸಾಯನ ವಿಜ್ಞಾನದಲ್ಲಿ ಅವರಿಗೆ ಗುರುಗಳಾಗಿದ್ದವರು ಪಾದ್ರಿ ಜೂಲಿಯಸ್ ನ್ಯೂಲ್ಯಾಂಡರು; ನಿಯೋಪ್ರೀನ್ ಎಂಬ ಕೃತಕ ರಬ್ಬರಿಗೆ ತಳಹದಿಯಾದ ಸಂಶೋಧನೆಯನ್ನು ನಡೆಸಿದ ವಿಜ್ಞಾನಿ. 1914ರಲ್ಲಿ ಔಷಧಶಾಸ್ತ್ರದ ಪದವಿಯನ್ನು ಪಡೆದ ರಾಕ್ನಿಯವರು ಕೆಲವು ವರ್ಷ ಅದೇ ಸಂಸ್ಥೆಯಲ್ಲಿ ರಸಾಯನ ಶಾಸ್ತ್ರವನ್ನು ಬೋಧಿಸಿದರು. ಬೆಳಿಗ್ಗೆ ಪ್ರಯೋಗಶಾಲೆ, ಸಂಜೆ ಮೈದಾನ. ಎರಡು ಕಡೆಗಳಲ್ಲಿಯೂ ಅವರದು ಒಂದೇ ವಿಧಾನ: ಮಾಡಿ ನೋಡುವುದು, ಫಲವನ್ನು ಅಳೆಯುವುದು, ಅಳತೆ ಹೇಳಿದಂತೆ ಮುಂದುವರಿಯುವುದು.

ಇಲ್ಲಿ ಆ ಆಟದ ಸ್ವರೂಪವನ್ನು ತುಸು ಅರಿಯುವುದು ಅವಶ್ಯ. ನಮ್ಮ ಶಾಲಾ ಮೈದಾನಗಳಲ್ಲಿ ಕಾಲಿನಿಂದ ಒದೆದು ಆಡುವ ಕಾಲ್ಚೆಂಡಾಟವೇ ಬೇರೆ, ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವ ಆಟವೇ ಬೇರೆ. ಅಲ್ಲಿ ಚೆಂಡು ಅಂಡಾಕಾರದ್ದು. ಎರಡೂ ಪಕ್ಷಗಳಲ್ಲಿ ಹನ್ನೊಂದು ಹನ್ನೊಂದು ಮಂದಿ. ಮೈದಾನದ ಉದ್ದ 100 ಗಜ. ಚೆಂಡು ಕೈಯಲ್ಲಿರುವ ಪಕ್ಷಕ್ಕೆ ನಾಲ್ಕು ಯತ್ನಗಳ ಅವಕಾಶ. ಅಷ್ಟರೊಳಗೆ ಹತ್ತು ಗಜ ಮುಂದೆ ಸಾಗಿದರೆ ಮತ್ತೆ ನಾಲ್ಕು ಯತ್ನಗಳು, ಸಾಗದಿದ್ದರೆ ಚೆಂಡು ಎದುರಾಳಿಯ ಪಾಲು. ಹೀಗೆ ಸಾಗಿ ಎದುರು ಪಕ್ಷದ ಗುರಿಗೆರೆಯನ್ನು ದಾಟುವುದೇ ಟಚ್‌ಡೌನ್. ಮುಂದೆ ಸಾಗಲು ದಾರಿಗಳು ಎರಡು. ಚೆಂಡನ್ನು ಎದೆಗವಚಿಕೊಂಡು ಎದುರಾಳಿಗಳ ಸಾಲನ್ನು ಭೇದಿಸಿ ಓಡುವುದು ಓಟದಾಟ. ಮುಂದೆ ಓಡಿದ ಜೊತೆಗಾರನಿಗೆ ಚೆಂಡನ್ನು ಗಾಳಿಯಲ್ಲಿ ಎಸೆಯುವುದು ಮುನ್ನೆಸೆತ.

1906ರವರೆಗೆ ಮುನ್ನೆಸೆತ ನಿಷಿದ್ಧವಾಗಿದ್ದಿತು. ಗುಂಪುಗೂಡಿ ನುಗ್ಗುವ ಆಟದಲ್ಲಿ ತರುಣರು ಪ್ರಾಣ ಕಳೆದುಕೊಳ್ಳುವುದನ್ನು ಕಂಡು 1905ರಲ್ಲಿ ಅಧ್ಯಕ್ಷ ಥಿಯೋಡೊರ್ ರೂಸ್‌ವೆಲ್ಟರು ಕಾಲೇಜುಗಳ ಪ್ರತಿನಿಧಿಗಳನ್ನು ಕರೆಸಿ ಎಚ್ಚರಿಸಿದ ಮೇಲೆ ನಿಯಮಗಳು ಬದಲಾಗಿ, ಎಸೆತಕ್ಕೆ ಅನುಮತಿ ದೊರೆಯಿತು. 1912ರಲ್ಲಿ ಎಸೆತದ ದೂರಕ್ಕಿದ್ದ ಮಿತಿಯೂ ಹೋಯಿತು. ಮೂರಾಗಿದ್ದ ಯತ್ನಗಳು ನಾಲ್ಕಾದವು. ಆದರೂ ಹಳೆಯ ತರಬೇತುದಾರರು ಓಟದಾಟವನ್ನು ಬಿಡಲೊಲ್ಲರು. ಅದಕ್ಕೆ ಕಾರಣವೂ ಇದ್ದಿತು. ನಾಲ್ಕನೆಯ ಯತ್ನವನ್ನು ಸಾಮಾನ್ಯವಾಗಿ ಚೆಂಡನ್ನು ದೂರ ಒದೆಯುವುದಕ್ಕೆ ಮೀಸಲಿಡುತ್ತಿದ್ದರು. ಉಳಿದ ಮೂರು ಓಟಗಳಿಗೆ ತಲಾ ಮೂರೂವರೆ ಗಜ ದೊರೆತರೆ ಹತ್ತೂವರೆ ಗಜವಾಯಿತು. ಚೆಂಡು ಕೈಬಿಡುವುದಿಲ್ಲ, ಹೊತ್ತು ಸಾಗುತ್ತದೆ, ಎದುರಾಳಿಯ ಮೈ ದಣಿಯುತ್ತದೆ. ಎಸೆದ ಚೆಂಡಾದರೋ ನೆಲಕ್ಕೆ ಬೀಳಬಹುದು, ಶತ್ರುವಿನ ಕೈಗೆ ಸೇರಬಹುದು. ಆಗಿನ ಚೆಂಡು ಇಂದಿನದಕ್ಕಿಂತ ದಪ್ಪ. ಎಸೆಯುವವನು ಸಾಲಿನಿಂದ ಐದು ಗಜ ಹಿಂದೆ ನಿಂತೇ ಎಸೆಯಬೇಕೆಂಬ ಕಟ್ಟಳೆ ಬೇರೆ. ಆದ್ದರಿಂದ ಎಸೆತವೆಂದರೆ ಸೋಲುತ್ತಿರುವವನ ಕೊನೆಯ ಉಪಾಯವೆಂಬ ಭಾವನೆ ಬೇರೂರಿದ್ದಿತು.

1913ರ ಬೇಸಿಗೆಯಲ್ಲಿ ರಾಕ್ನಿಯವರೂ ಅವರ ಗೆಳೆಯ ಗಸ್ ಡೊರೇಯೂ ಒಹಾಯೊ ಪ್ರಾಂತದ ಸೀಡರ್ ಪಾಯಿಂಟ್ ಎಂಬ ಸರೋವರತೀರದ ವಿಹಾರಧಾಮದಲ್ಲಿ ಕೂಲಿಗೆ ನಿಂತರು. ಬಿಡುವಿನ ವೇಳೆಯಲ್ಲಿ ಮರಳಿನ ಮೇಲೆ ಡೊರೇ ಎಸೆಯುವನು, ರಾಕ್ನಿಯವರು ಓಡುತ್ತಲೇ ಹಿಡಿಯುವರು. ಆ ವರ್ಷದ ನವೆಂಬರ್ 1ರಂದು, ತರಬೇತುದಾರ ಜೆಸ್ಸಿ ಹಾರ್ಪರರ ಮಾರ್ಗದರ್ಶನದಲ್ಲಿ, ನೋಟರ್ ಡೇಮ್ ತಂಡ ವೆಸ್ಟ್ ಪಾಯಿಂಟಿನ ಸೈನ್ಯ ವಿದ್ಯಾಲಯದ ಬಲಿಷ್ಠ ತಂಡವನ್ನು ಎದುರಿಸಿತು. ಸೈನಿಕ ವಿದ್ಯಾರ್ಥಿಗಳು ಓಟವನ್ನು ತಡೆಯಲು ಮುಂದಿನ ಸಾಲಿನಲ್ಲಿ ದಟ್ಟೈಸಿ ನಿಂತರು. ಆಗ ಡೊರೇ ಎಸೆಯತೊಡಗಿದನು. ಎಸೆದ 17ರಲ್ಲಿ 14 ಚೆಂಡುಗಳು ಜೊತೆಗಾರರ ಕೈ ಸೇರಿದವು. ದೊರೆತ ನೆಲ 243 ಗಜ. ಚೆಂಡು ಎಲ್ಲಿ ಬೀಳುವುದೋ ಎಂದು ಬೆದರಿದ ಎದುರಾಳಿಗಳು ಹಿಂದಕ್ಕೂ ಬದಿಗಳಿಗೂ ಹರಡಿಕೊಂಡರು. ಹಾಗೆ ಹರಡಿಕೊಂಡುದೇ ತಡ, ರೇ ಐಕೆನ್‌ಲಾಬ್ ಎಂಬ ಬಲಶಾಲಿಯಾದ ಓಟಗಾರ ತೆಳುವಾದ ನಡುಸಾಲನ್ನು ಸೀಳಿಕೊಂಡು ಹೊರಟನು. ನೋಟರ್ ಡೇಮ್ 35, ಸೈನ್ಯ 13.

ಈ ಪಂದ್ಯದಿಂದ ಓಟದಾಟ ಹಳತಾಯಿತು, ಎಸೆತದ ಯುಗ ಆರಂಭವಾಯಿತು ಎಂದು ಹಲವರು ಬಗೆದರು. ಮುನ್ನೆಸೆತವನ್ನು ರಾಕ್ನಿಯವರೇ ಕಂಡುಹಿಡಿದರೆಂಬ ಕಥೆಯೂ ಹುಟ್ಟಿತು. ಅದು ನಿಜವಲ್ಲ. ಸೇಂಟ್ ಲೂಯಿ ವಿಶ್ವವಿದ್ಯಾಲಯದ ತಂಡ 1906ರಲ್ಲಿಯೇ ಅದನ್ನು ಸಮರ್ಥವಾಗಿ ಬಳಸಿದ್ದಿತು. ರಾಕ್ನಿಯವರು ಆ ದಿನ ಕಲಿತ ಪಾಠ ಬೇರೆಯದು, ಆಳವಾದದ್ದು. ಓಟವನ್ನು ಕೆಲಹೊತ್ತು ಬದಿಗಿಟ್ಟುದರಿಂದ ಓಟಕ್ಕೇ ದಾರಿಯಾಯಿತು ಎಂಬುದು ಆ ಪಾಠ. ಬಿಟ್ಟದ್ದು ಕಳೆದುಕೊಳ್ಳುವುದಕ್ಕಲ್ಲ, ಮರಳಿ ಪಡೆಯುವುದಕ್ಕೆ. ಸೋಲು ಹತ್ತಿರವಾದ ಮೇಲೆ ಎಸೆದಿದ್ದರೆ ಈ ಫಲ ದೊರೆಯುತ್ತಿರಲಿಲ್ಲ. ಎದುರಾಳಿ ಎಸೆತವನ್ನು ನಿರೀಕ್ಷಿಸದಿದ್ದಾಗ ಎಸೆದುದರಿಂದ ದೊರೆಯಿತು.

1914ರಿಂದ ಹಾರ್ಪರರ ಸಹಾಯಕರಾಗಿದ್ದ ರಾಕ್ನಿಯವರು 1918ರಲ್ಲಿ ಮುಖ್ಯ ತರಬೇತುದಾರರಾದರು. ಎಸೆತದಿಂದ ಹೆಸರಾದವರು ತಮ್ಮ ತಂಡಕ್ಕೆ ಎಸೆತವನ್ನೇ ಮುಖ್ಯವಾಗಿ ಕಲಿಸುವರೆಂದು ಜನ ಎಣಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಅವರು ಕಟ್ಟಿದ್ದು ಓಟದ ತಂಡವನ್ನು. ಹಿಂದಿನ ಸಾಲಿನ ನಾಲ್ವರು ಒಂದು ರೀತಿಯಲ್ಲಿ ನಿಂತು, ಚೆಂಡು ಚಲಿಸುವ ಮುನ್ನ ತಾಳಬದ್ಧವಾಗಿ ಒಟ್ಟಿಗೆ ಹೆಜ್ಜೆಯಿಟ್ಟು ಮತ್ತೊಂದು ರೀತಿಗೆ ಸರಿಯುವ ವಿಧಾನ ಅವರ ಕೈಯಲ್ಲಿ ಪರಿಪೂರ್ಣವಾಯಿತು. ಎದುರಾಳಿ ತನ್ನ ನೆಲೆಯನ್ನು ಸರಿಪಡಿಸಿಕೊಳ್ಳುವ ಮೊದಲೇ ಓಟ ಹೊರಟಿರುತ್ತಿತ್ತು. ಮೈಬಲಕ್ಕಿಂತ ಸಮಯಪ್ರಜ್ಞೆ ಇಲ್ಲಿ ಪ್ರಧಾನ. 1924ರಲ್ಲಿ ನಾಲ್ವರು ಅಶ್ವಾರೋಹಿಗಳೆಂದು ಪ್ರಖ್ಯಾತರಾದ ಸ್ಟೂಲ್‌ಡ್ರೇಯರ್, ಕ್ರೌಲಿ, ಮಿಲ್ಲರ್, ಲೇಡನ್ ಇವರ ತೂಕ ಸರಾಸರಿ 160 ಪೌಂಡಿನ ಆಸುಪಾಸು, ಮಲ್ಲರಂತಹ ದೇಹವಲ್ಲ. ಅವರ ಮುಂದೆ ನಿಂತು ದಾರಿ ಬಿಡಿಸುತ್ತಿದ್ದ ಏಳು ಮಂದಿಗೆ ಏಳು ಹೇಸರಗತ್ತೆಗಳೆಂಬ ಹೆಸರು ಬಂದಿತು. ಕುದುರೆಯೇರಿದವರ ಕೀರ್ತಿ ಹೊರೆ ಹೊತ್ತವರ ದುಡಿಮೆಯ ಮೇಲೆ ನಿಂತಿರುವುದೆಂಬುದನ್ನು ರಾಕ್ನಿಯವರು ಅಶ್ವಾರೋಹಿಗಳಿಗೆ ಮರೆಯಗೊಡಲಿಲ್ಲ.

ಅವರದು ಇನ್ನೊಂದು ಉಪಾಯವಿದ್ದಿತು. ಪಂದ್ಯದ ಆರಂಭಕ್ಕೆ ಎರಡನೆಯ ಶ್ರೇಣಿಯ ಹನ್ನೊಂದು ಮಂದಿಯನ್ನೇ ಇಳಿಸುತ್ತಿದ್ದರು. ಅವರು ಎದುರಾಳಿಯ ಸಾಲಿಗೆ ಮತ್ತೆ ಮತ್ತೆ ಢಿಕ್ಕಿ ಹೊಡೆದು ದಣಿಸಿದ ಬಳಿಕ ಮೊದಲ ಶ್ರೇಣಿಯವರು ಹೊಸ ಉಸಿರಿನಿಂದ ಒಳಬರುತ್ತಿದ್ದರು. ಆಗ ಅದೇ ಹನ್ನೊಂದು ಮಂದಿ ಆಕ್ರಮಣಕ್ಕೂ ರಕ್ಷಣೆಗೂ ನಿಲ್ಲಬೇಕಾಗಿದ್ದುದರಿಂದ ದಣಿವು ಬಲು ದೊಡ್ಡ ಸಂಗತಿ. ಮೊದಲ ಗಳಿಗೆಯಲ್ಲಿ ಒಂದು ಗಜವನ್ನೂ ಕೊಡದ ಓಟ ಕೊನೆಯ ಗಳಿಗೆಯಲ್ಲಿ ಹತ್ತು ಗಜ ಕೊಡಬಹುದು. ಎರಡು ಬಾರಿ ತಡೆದರೆಂದು ಓಟವನ್ನು ಬಿಟ್ಟುಬಿಡುವವನು, ಬಿತ್ತಿದ ಮೂರನೆಯ ದಿನ ಮೊಳಕೆ ಕಾಣಲಿಲ್ಲವೆಂದು ಹೊಲವನ್ನು ಮತ್ತೆ ಉಳುವವನಂತೆ.

ಹಾಗಾದರೆ ಹಿಡಿಯಬೇಕಾದುದು ಯಾವಾಗ, ಬಿಡಬೇಕಾದುದು ಯಾವಾಗ? ಈ ಪ್ರಶ್ನೆಗೆ ಆ ಕಾಲದಲ್ಲಿ ಒಂದು ವಿಶೇಷ ಕಾಠಿಣ್ಯವಿದ್ದಿತು. ಮೈದಾನದ ಅಂಚಿನಿಂದ ತರಬೇತುದಾರನು ಸೂಚನೆ ಕೊಡುವುದನ್ನು ನಿಯಮವು ನಿಷೇಧಿಸಿದ್ದಿತು. ಬದಲಿಯಾಗಿ ಒಳಹೋದ ಆಟಗಾರ ಕೂಡ ಒಂದು ಯತ್ನ ಮುಗಿಯುವವರೆಗೆ ಜೊತೆಗಾರರೊಡನೆ ಮಾತನಾಡುವಂತಿರಲಿಲ್ಲ. ಓಡಬೇಕೋ ಎಸೆಯಬೇಕೋ ಎಂಬ ತೀರ್ಮಾನ ಇಪ್ಪತ್ತೊಂದು ಇಪ್ಪತ್ತೆರಡು ವರ್ಷದ ವಿದ್ಯಾರ್ಥಿಯದು. ಆಟವನ್ನು ನಡೆಸುವ ಆ ಹುಡುಗನಿಗೆ ಕ್ವಾರ್ಟರ್‌ಬ್ಯಾಕ್ ಎಂದು ಹೆಸರು. ಗುರುವು ಅಂಚಿನ ಬೆಂಚಿನ ಮೇಲೆ ಕೈಕಟ್ಟಿ ಕುಳಿತಿರಬೇಕು. ಪರೀಕ್ಷೆಯ ಕೊಠಡಿಯ ಹೊರಗೆ ನಿಂತ ಉಪಾಧ್ಯಾಯನ ಸ್ಥಿತಿ ಅದು. ಆದ್ದರಿಂದ ರಾಕ್ನಿಯವರು ವಾರವಿಡೀ ದುಡಿದದ್ದು ಒಂದು ತೀರ್ಪನ್ನು ಹೇಳುವುದಕ್ಕಲ್ಲ, ತೀರ್ಪು ಕೊಡಬಲ್ಲ ಮನಸ್ಸನ್ನು ರೂಪಿಸುವುದಕ್ಕೆ. ಎಷ್ಟನೆಯ ಯತ್ನ, ಎಷ್ಟು ಗಜ ಉಳಿದಿದೆ, ಗುರಿಗೆರೆ ಎಷ್ಟು ದೂರ, ಗಾಳಿ ಯಾವ ಕಡೆಯದು, ನೆಲ ಒಣಗಿದೆಯೋ ನೆನೆದಿದೆಯೋ, ಮುಂದಿರುವೆವೋ ಹಿಂದಿರುವೆವೋ, ಎದುರಾಳಿಗಳು ಎಲ್ಲಿ ದಟ್ಟವಾಗಿದ್ದಾರೆ, ಎಲ್ಲಿ ತೆಳುವಾಗಿದ್ದಾರೆ ಎಂಬುದನ್ನೆಲ್ಲ ಕ್ಷಣಮಾತ್ರದಲ್ಲಿ ಲೆಕ್ಕಹಾಕುವ ಅಭ್ಯಾಸ ಆ ಹುಡುಗನಿಗೆ ಬೇಕಾಗಿದ್ದಿತು.

ಈ ವಿವೇಕದ ಬೆಲೆ 1925ರ ಜನವರಿ 1ರಂದು ಕ್ಯಾಲಿಫೋರ್ನಿಯಾದ ಪ್ಯಾಸಡೀನಾದಲ್ಲಿ ನಡೆದ ರೋಸ್ ಬೌಲ್ ಪಂದ್ಯದಲ್ಲಿ ವ್ಯಕ್ತವಾಯಿತು. ಎದುರಾಳಿ ಸ್ಟ್ಯಾನ್‌ಫರ್ಡ್ ತಂಡ. ಅದರ ಗುರು ಹೆಸರಾಂತ ಪಾಪ್ ವಾರ್ನರರು. ಆ ತಂಡದ ಅರ್ನಿ ನೆವರ್ಸ್ ನೋವುಂಡ ಕಾಲುಗಳಿಂದಲೇ ಓಡಿ 114 ಗಜಗಳನ್ನು ಗಳಿಸಿದನು. ನೆಲದ ಮೇಲೆ ಅವನನ್ನು ತಡೆಯುವುದು ಬಲು ಕಷ್ಟವಾಗಿದ್ದಿತು. ಆದರೆ ಸ್ಟ್ಯಾನ್‌ಫರ್ಡಿನವರು ಎಸೆದ ಎರಡು ಚೆಂಡುಗಳನ್ನು ಲೇಡನ್ ನಡುವೆಯೇ ಕಸಿದುಕೊಂಡು, ಒಮ್ಮೆ 78 ಗಜ, ಇನ್ನೊಮ್ಮೆ 70 ಗಜ ಓಡಿ ಟಚ್‌ಡೌನ್ ಮಾಡಿದನು. ಇನ್ನೊಂದು ಘಳಿಗೆಯಲ್ಲಿ ಅವರು ಗುರಿಗೆರೆಯ ಬಳಿಗೇ ಬಂದು ನೆವರ್ಸನ ಓಟವನ್ನೇ ನೆಚ್ಚಿದಾಗ ನೋಟರ್ ಡೇಮಿನವರು ಗೋಡೆಯಾಗಿ ನಿಂತರು. ನೆಲ ದೊರೆಯುತ್ತಿದ್ದಾಗ ಎಸೆತ ಅನರ್ಥವನ್ನು ತಂದಿತು. ಎಲ್ಲರೂ ಓಟವನ್ನೇ ಕಾಯುತ್ತಿದ್ದಾಗ ಓಟ ನಿಷ್ಫಲವಾಯಿತು. ಗಳಿಸಿದ ನೆಲದಲ್ಲಿ ಮುಂದಿದ್ದ ಸ್ಟ್ಯಾನ್‌ಫರ್ಡ್ 10–27ರಿಂದ ಸೋತಿತು.

ಪರರ ತಪ್ಪನ್ನು ಅಳೆಯುವಷ್ಟು ಸುಲಭವಲ್ಲ ತನ್ನ ತಪ್ಪನ್ನು ಅರಿಯುವುದು. 1926ರ ನವೆಂಬರ್ 27ರಂದು ನೋಟರ್ ಡೇಮ್ ತಂಡ ಪಿಟ್ಸ್‌ಬರ್ಗಿನಲ್ಲಿ ಕಾರ್ನೆಗಿ ಟೆಕ್ ತಂಡದೊಡನೆ ಆಡಬೇಕಾಗಿದ್ದಿತು. ಗೆಲುವು ಕೈಯಲ್ಲಿಯೇ ಇದೆಯೆಂದು ಭಾವಿಸಿದ ರಾಕ್ನಿಯವರು ತಂಡವನ್ನು ಸಹಾಯಕರಿಗೆ ಒಪ್ಪಿಸಿ, ತಾವು ಸೈನ್ಯ–ನೌಕಾ ತಂಡಗಳ ಪಂದ್ಯವನ್ನು ನೋಡಲು ಶಿಕಾಗೋಗೆ ಹೋದರು. ತಂಡ 0–19ರಿಂದ ಸೋತಿತು. ಆ ವರ್ಷದ ಅಗ್ರಸ್ಥಾನ ಕೈತಪ್ಪಿತು. ಶಿಷ್ಯನ ವಿವೇಕವನ್ನು ನಂಬುವುದು ಬೇರೆ, ಶಿಷ್ಯನನ್ನು ಬಿಟ್ಟು ಹೋಗುವುದು ಬೇರೆ. ಈ ಕಳಂಕವನ್ನು ಅವರ ಚರಿತ್ರೆಯಿಂದ ಒರಸಲು ಆಗದು; ಒರಸಬೇಕಾಗಿಯೂ ಇಲ್ಲ.

1927ರಲ್ಲಿ ನಿಯಮಮಂಡಲಿ ಅವರ ಓಟದಾಟದ ಬುಡಕ್ಕೇ ಕೈಹಾಕಿತು. ಸಾಲು ಬದಲಿಸಿದ ಬಳಿಕ ಒಂದು ಪೂರ್ಣ ಸೆಕೆಂಡು ನಿಶ್ಚಲವಾಗಿ ನಿಲ್ಲಬೇಕೆಂಬ ಕಟ್ಟಳೆ ಬಂದಿತು. ಆ ಒಂದು ಸೆಕೆಂಡಿನಲ್ಲಿ ಎದುರಾಳಿ ಸಾವರಿಸಿಕೊಳ್ಳಬಹುದಾಗಿತ್ತು. ರಾಕ್ನಿಯವರಿಗೆ ಇದು ಹಿಡಿಸಲಿಲ್ಲ. ಆದರೂ ಆ ವಿಧಾನವನ್ನು ಅವರು ತ್ಯಜಿಸಲಿಲ್ಲ. ಹೊಸ ಕಟ್ಟಳೆಯೊಳಗೇ ಅದನ್ನು ನಿಖರಗೊಳಿಸಿದರು. 1928 ಕಷ್ಟದ ವರ್ಷ: ಐದು ಗೆಲುವು, ನಾಲ್ಕು ಸೋಲು. ಆ ವರ್ಷ ನ್ಯೂಯಾರ್ಕಿನಲ್ಲಿ ಸೈನ್ಯದ ತಂಡದೊಡನೆ ನಡೆದ ಪಂದ್ಯದಲ್ಲಿ, 1920ರಲ್ಲಿ ಅಕಾಲಮರಣಕ್ಕೀಡಾದ ಶಿಷ್ಯ ಜಾರ್ಜ್ ಗಿಪ್ಪನ ಅಂತಿಮ ಬಯಕೆಯನ್ನು ರಾಕ್ನಿಯವರು ಹುಡುಗರಿಗೆ ತಿಳಿಸಿ ಹುರಿದುಂಬಿಸಿದರೆಂಬ ಪ್ರಸಂಗ ಲೋಕಪ್ರಸಿದ್ಧ. ಗಿಪ್ಪ ನಿಜವಾಗಿ ಹಾಗೆ ನುಡಿದನೆ ಎಂಬುದನ್ನು ಶೋಧಕರು ಸಂದೇಹಿಸಿದ್ದಾರೆ. ಮೈದಾನದಲ್ಲಿ ನಡೆದುದರಲ್ಲಿ ಸಂದೇಹವಿಲ್ಲ. ಗುರಿಗೆರೆ ಒಂದು ಗಜದಷ್ಟಿದ್ದಾಗ ಷೆವಿಗ್ನಿ ಸಾಲಿನೊಳಗೆ ನುಗ್ಗಿ ಮೊದಲ ಟಚ್‌ಡೌನ್ ಮಾಡಿದನು. ಗುರಿಗೆರೆ ದೂರವಿದ್ದಾಗ, ಬದಲಿಯಾಗಿ ಆಗತಾನೆ ಒಳಬಂದ ಓಬ್ರಯನ್ ಎಸೆದ ಚೆಂಡನ್ನು ಹಿಡಿದು ಎರಡನೆಯದನ್ನು ಗಳಿಸಿದನು. 12–6ರ ಗೆಲುವು. ಒಂದು ಗಜಕ್ಕೆ ನೆಲ, ದೂರಕ್ಕೆ ಗಾಳಿ.

ಮರುವರ್ಷ ಕಾಲಿನ ರಕ್ತನಾಳದ ಬೇನೆಯಿಂದ ರಾಕ್ನಿಯವರು ಬಹುಕಾಲ ಹಾಸಿಗೆ ಹಿಡಿದರು. ಕೆಲವೊಮ್ಮೆ ಗಾಲಿಕುರ್ಚಿಯಲ್ಲಿ ಕುಳಿತೇ ತಂಡವನ್ನು ನಡೆಸಿದರು. ಗುರು ಕುಗ್ಗಿದ ಆ ವರ್ಷ ಶಿಷ್ಯರು ಒಂದು ಪಂದ್ಯವನ್ನೂ ಸೋಲಲಿಲ್ಲ. ಹೆಪ್ಪುಗಟ್ಟಿದ ನೆಲದ ಮೇಲೆ ಸೈನ್ಯದ ತಂಡದೊಡನೆ ನಡೆದ ಕೊನೆಯ ಪಂದ್ಯದಲ್ಲಿ, ನೋಟರ್ ಡೇಮಿನ ಗುರಿಗೆರೆಯ ಸಮೀಪಕ್ಕೆ ಬಂದಿದ್ದ ಸೈನಿಕರು ಚೆಂಡನ್ನೆಸೆದರು. ಜ್ಯಾಕ್ ಎಲ್ಡರ್ ಅದನ್ನು ಕಸಿದು 96 ಗಜ ಓಡಿದನು. 7–0ರಲ್ಲಿ ಪಂದ್ಯ ಮುಗಿಯಿತು.

1930ರ ನವೆಂಬರ್ 29ರಂದು ಶಿಕಾಗೋವಿನಲ್ಲಿ ಮತ್ತೆ ಅದೇ ಎರಡು ತಂಡಗಳ ಭೇಟಿ. ಮಳೆ, ಕೆಸರು. ಒದ್ದೆಯಾದ ಚೆಂಡನ್ನು ಎಸೆಯುವುದು ದುಸ್ಸಾಧ್ಯ. ಓಡಿದರೂ ಗುರಿಗೆರೆ ಹತ್ತಿರವಾಗದು. ಮೂರು ಪಾದಗಳು ಕಳೆದು ನಾಲ್ಕನೆಯದೂ ತೀರುತ್ತ ಬಂದರೂ ಯಾರಿಗೂ ಅಂಕವಿಲ್ಲ. ಚಂಚಲಚಿತ್ತನಾದವನು ಆ ಹೊತ್ತಿಗೆ ಎದೆಗೆಟ್ಟು ಎಸೆದುಬಿಡುತ್ತಿದ್ದನು. ಕ್ವಾರ್ಟರ್‌ಬ್ಯಾಕ್ ಫ್ರಾಂಕ್ ಕ್ಯಾರಿಡಿಯೊ ನಡೆಸುತ್ತಿದ್ದ ತಂಡ ಹಾಗೆ ಮಾಡಲಿಲ್ಲ. ವರ್ಷವಿಡೀ ಅಭ್ಯಾಸ ಮಾಡಿದ ಅದೇ ಓಟ ಮತ್ತೊಮ್ಮೆ ಹೊರಟಿತು. ಮುಂದಿನವರೆಲ್ಲ ತಮ್ಮ ತಮ್ಮ ಎದುರಾಳಿಯನ್ನು ಬದಿಗೊತ್ತಿದರು. ಮಾರ್ಚಿ ಶ್ವಾರ್ಟ್ಜ್ ತೆರೆದ ದಾರಿಯಲ್ಲಿ 54 ಗಜ ಓಡಿ ಗುರಿಗೆರೆಯನ್ನು ದಾಟಿದನು. ಬಳಿಕ ಸೈನ್ಯದವರೂ ಒಂದು ಟಚ್‌ಡೌನ್ ಮಾಡಿದರು. ಆದರೆ ಅದರ ಮೇಲಿನ ಒಂದು ಅಂಕ ಅವರಿಗೆ ದಕ್ಕಲಿಲ್ಲ. 7–6. ಆ ವರ್ಷದ ಹತ್ತು ಪಂದ್ಯಗಳನ್ನೂ ನೋಟರ್ ಡೇಮ್ ಗೆದ್ದಿತು. ಅದೇ ರಾಕ್ನಿಯವರ ಕೊನೆಯ ವರ್ಷವಾಯಿತು.

1931ರ ಮಾರ್ಚ್ 31ರಂದು ಕ್ಯಾನ್ಸಸ್ ನಗರದಿಂದ ಲಾಸ್ ಏಂಜಲೀಸಿಗೆ ಹೊರಟ ವಿಮಾನವು ಕ್ಯಾನ್ಸಸ್ ಪ್ರಾಂತದ ಬಜಾರ್ ಎಂಬ ಹಳ್ಳಿಯ ಬಳಿ ಹುಲ್ಲುಗಾವಲಿನಲ್ಲಿ ಬಿದ್ದು ಎಂಟು ಮಂದಿ ಮಡಿದರು. ರಾಕ್ನಿಯವರು ಅವರಲ್ಲೊಬ್ಬರು, ವಯಸ್ಸು ನಲವತ್ತಮೂರು. ಮರದಿಂದ ಮಾಡಿದ ರೆಕ್ಕೆ ಹಾರಾಟದಲ್ಲಿಯೇ ಮುರಿದಿದ್ದಿತು. ಇಂತಹವರ ಸಾವಿನಿಂದ ದೇಶವೇ ಎಚ್ಚೆತ್ತು ವಿಮಾನಗಳ ಸುರಕ್ಷತೆಯ ಕಡೆಗೆ ಗಮನ ಹರಿಸಿತು; ಲೋಹದ ವಿಮಾನಗಳ ಬಳಕೆ ತ್ವರೆಗೊಂಡಿತು. ಸೌತ್ ಬೆಂಡಿನ ಮಣ್ಣಿನಲ್ಲಿ ಅವರನ್ನು ಸಮಾಧಿ ಮಾಡಲಾಯಿತು.

ಗುರುವಿನ ಆಯುಸ್ಸು ಶಿಷ್ಯರಲ್ಲಿ ಮುಂದುವರಿಯುವುದು. ಅಶ್ವಾರೋಹಿಗಳಲ್ಲಿ ಒಬ್ಬನಾದ ಜಿಮ್ ಕ್ರೌಲಿ ಫೋರ್ಡಮ್ ವಿಶ್ವವಿದ್ಯಾಲಯದ ತರಬೇತುದಾರನಾದನು. ಅವನ ಕೈಕೆಳಗೆ ಮುಂದಿನ ಸಾಲಿನಲ್ಲಿ ಆಡಿ ಕಲಿತವರು ವಿನ್ಸ್ ಲೊಂಬಾರ್ಡಿಯವರು. ಅವರು ಮುಂದೆ ತರಬೇತುದಾರರಾಗಿ ಉನ್ನತಿಗೇರಿಸಿದ ಗ್ರೀನ್ ಬೇ ತಂಡವನ್ನು ಸ್ಥಾಪಿಸಿದವರಲ್ಲಿ ಪ್ರಮುಖನಾದ ಕರ್ಲಿ ಲ್ಯಾಂಬೋ ಕೂಡ 1918ರಲ್ಲಿ ರಾಕ್ನಿಯವರ ಬಳಿ ಆಡಿದವನೇ. 1967ರ ಡಿಸೆಂಬರ್ 31ರಂದು, ಮೈ ಕೊರೆಯುವ ಹಿಮದ ಚಳಿಯಲ್ಲಿ, ಡಲ್ಲಾಸ್ ತಂಡದ ವಿರುದ್ಧ ಗ್ರೀನ್ ಬೇ ಮೂರು ಅಂಕ ಹಿಂದಿದ್ದಿತು. ಉಳಿದದ್ದು 16 ಸೆಕೆಂಡು. ಗುರಿಗೆರೆಗೆ ಒಂದು ಗಜವೂ ಇಲ್ಲ. ಹಿಂದಿನ ಎರಡು ಓಟಗಳು ಜಾರುನೆಲದಲ್ಲಿ ವಿಫಲವಾಗಿದ್ದವು. ಎಸೆದು ತಪ್ಪಿದರೆ ಗಡಿಯಾರ ನಿಂತು ಇನ್ನೊಂದು ಅವಕಾಶ ಉಳಿಯುತ್ತಿತ್ತು. ಓಡಿ ತಪ್ಪಿದರೆ ಪಂದ್ಯವೇ ಮುಗಿಯುತ್ತಿತ್ತು. ಕ್ವಾರ್ಟರ್‌ಬ್ಯಾಕ್ ಬಾರ್ಟ್ ಸ್ಟಾರ್ ತಾನೇ ಚೆಂಡನ್ನು ಹಿಡಿದು ನುಗ್ಗುವೆನೆಂದು ಸೂಚಿಸಿದನು. ಅವರು ಸಮ್ಮತಿಸಿದರು. ಅವನು ದಾಟಿದನು, 21–17. ಲೆಕ್ಕಕ್ಕಿಂತ ಮಿಗಿಲಾಗಿ ಅಲ್ಲಿ ಕೆಲಸ ಮಾಡಿದ್ದು, ನೆಲವನ್ನು ಕಾಲಡಿಯಲ್ಲಿ ಅರಿತ ಶಿಷ್ಯನ ತೀರ್ಮಾನದಲ್ಲಿ ಗುರುವಿಟ್ಟ ನಂಬಿಕೆ.

ಓಟದಾಟವನ್ನು ಫಲ ಬರುವವರೆಗೆ ತಾಳಿ ಹಿಡಿಯಬೇಕು. ಮುಂದಿರುವಾಗ, ನೆಲ ನೆನೆದಿರುವಾಗ, ಎದುರಾಳಿ ದಣಿಯುತ್ತಿರುವಾಗ ಬಿಡಬಾರದು. ಎದುರಾಳಿಯು ತನ್ನ ಬಲವನ್ನೆಲ್ಲ ಅದೊಂದಕ್ಕೇ ಒಡ್ಡಿ ನಿಂತಾಗ, ಹೊತ್ತು ಕಡಿಮೆಯಾಗಿ ದೂರ ಹೆಚ್ಚಾಗಿ ಉಳಿದಾಗ, ಬಿಡಲು ಅಂಜಬಾರದು. ಅಂಜಿಕೆಯಿಂದ ಹಿಡಿಯುವುದೂ ತಪ್ಪು, ಅಂಜಿಕೆಯಿಂದ ಬಿಡುವುದೂ ತಪ್ಪು. ಇಷ್ಟನ್ನು ಯಾವ ಪುಸ್ತಕವಾದರೂ ಹೇಳಬಲ್ಲದು. ಆದರೆ ಕೆಸರಿನ ನಡುವೆ, ಸಹಸ್ರಾರು ಜನರ ಕೂಗಿನ ನಡುವೆ, ಗುರುವಿನ ಮಾತು ಕೇಳಿಸದ ಜಾಗದಲ್ಲಿ ನಿಂತ ಹುಡುಗನೊಬ್ಬ ಅದನ್ನು ತಾನೇ ತಿಳಿದು ನಡೆಯುವಂತೆ ಮಾಡುವುದು ಗುರುವಿನಿಂದ ಮಾತ್ರ ಆಗುವ ಕೆಲಸ. ರಾಕ್ನಿಯವರು ಜೀವಮಾನವೆಲ್ಲ ಮಾಡಿದ ಕಾಯಕ ಅದೇ.